ಇಕರ್ ಕಸಿಯಾಸ್ ಮತ್ತು ಒಡೆದ ಸೆಂಟಿನ ಬಾಟಲಿ

ನಾನು ಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸುತ್ತೇನೆ. ಹೊಸದಾಗಿ ಸೇರಿಸಲು ಬರುವ ಅಪ್ಪ ಅಮ್ಮಂದಿರು ಎರಡು ಪ್ರಶ್ನೆ ಕೇಳೇ ಕೇಳುತ್ತಾರೆ. ನಮ್ಮ ಹುಡುಗನ ಎತ್ತರ ಸಾಕಾ ಸರ್? ಇದಕ್ಕೆ ಉತ್ತರ ಸುಲಭ. ಸ್ಪೇನಿನ ಗೋಲ್‌ಕೀಪರ್ ಇಕರ್ ಕಸಿಯಾಸ್ ಎತ್ತರ ಆರಡಿ ಆಸುಪಾಸು, ದೊಡ್ಡ ಕ್ಲಬ್‌ಗಳ ಕೀಪರ್‌ಗಳ ಪಕ್ಕ ನಿಲ್ಲಿಸಿದರೆ ಗಿಡ್ಡ ಅಂತಲೇ ಹೇಳಬೇಕು, ಆದರೂ ವಿಶ್ವಕಪ್ ಎತ್ತಿದ ಕೈ ಅದು. ಎರಡನೇ ಪ್ರಶ್ನೆ ಕಷ್ಟದ್ದು. ಯಾವಾಗ ಮ್ಯಾಚ್ ಆಡಿಸ್ತೀರಿ?

ಅದಕ್ಕೂ ನಾನು ಕಸಿಯಾಸ್ ಕಥೆಯನ್ನೇ ಹೇಳುತ್ತೇನೆ, ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ.

ಫಾರ್ವರ್ಡ್ ಸುಸ್ತಾದರೆ ಅರ್ಧ ಆಟದಲ್ಲಿ ಬದಲಾಯಿಸುತ್ತಾರೆ. ಮಿಡ್‌ಫೀಲ್ಡರ್‌ನನ್ನು ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ ಹಾಕಿ ನೋಡುತ್ತಾರೆ. ಕೀಪರ್‌ಗೆ ಇರುವುದು ಒಂದೇ ಜಾಗ. ಅಲ್ಲಿ ನಿಂತವನನ್ನು ಆಟದ ಮಧ್ಯೆ ಎಬ್ಬಿಸಬೇಕಾದರೆ ಗಾಯವಾಗಬೇಕು, ಇಲ್ಲಾ ಯಾರಿಗಾದರೂ ರೆಡ್ ಕಾರ್ಡ್ ಬೀಳಬೇಕು. ಹಾಗಾದರೆ ಬೆಂಚಿನ ಮೇಲಿರುವ ಎರಡನೇ ಕೀಪರ್ ಕಾಯುತ್ತಿರುವುದು ಏನಕ್ಕೆ? ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಜೊತೆಗಾರನಿಗೆ ಕೆಟ್ಟದ್ದಾಗಲಿ ಅಂತ ಯಾರೂ ಬಯಸುವುದಿಲ್ಲ, ಆದರೆ ಅವನಿಗೆ ಏನೂ ಆಗದೆ ಇವನಿಗೆ ಬಾಗಿಲು ತೆರೆಯುವುದೂ ಇಲ್ಲ.

ಕಸಿಯಾಸ್ ಹುಟ್ಟಿದ್ದು 1981ರಲ್ಲಿ, ಮ್ಯಾಡ್ರಿಡ್ ಪಕ್ಕದ ಮೋಸ್ತೊಲೆಸ್ ಊರಿನಲ್ಲಿ. ಚಿಕ್ಕ ವಯಸ್ಸಿಗೇ ರಿಯಲ್ ಮ್ಯಾಡ್ರಿಡ್ ಅಕಾಡೆಮಿ ಸೇರಿದ. 1997ರ ನವೆಂಬರ್‌ನಲ್ಲಿ, ಇನ್ನೂ 16 ವರ್ಷ, ಶಾಲೆಯಲ್ಲಿ ಕೂತಿದ್ದವನಿಗೆ ಬುಲಾವ್ ಬಂತು: ಸೀನಿಯರ್ ತಂಡಕ್ಕೆ ಕೀಪರ್ ಬೇಕಾಗಿದ್ದಾನೆ, ನಾರ್ವೆಗೆ ಹೊರಡು. ಅಲ್ಲಿ ಆಡಿದ್ದೇನೂ ಇಲ್ಲ, ಬೆಂಚಿನ ಮೇಲೆ ಕೂತು ಬಂದ. ನಿಜವಾಗಿ ಆಡಿದ್ದು 1999ರ ಸೆಪ್ಟೆಂಬರ್‌ನಲ್ಲಿ, ಬಿಲ್ಬಾವೊದ ಸಾನ್ ಮಾಮೆಸ್ ಮೈದಾನದಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ವಲೆನ್ಸಿಯಾ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದಾಗ ಅವನಿಗೆ 19 ತುಂಬಿ ನಾಲ್ಕೇ ದಿನ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ ಅಪ್ಪಂದಿರು. ಇಲ್ಲ ಸ್ವಾಮಿ. 2002ರಲ್ಲಿ ಅದೇ ಹುಡುಗ ಮತ್ತೆ ಬೆಂಚಿಗೆ ಬಂದ. ಜಾಗ ಸೆಸಾರ್ ಸಾಂಚೆಸ್ ಪಾಲಾಗಿತ್ತು. ಗ್ಲಾಸ್ಗೋದಲ್ಲಿ ಜರ್ಮನಿಯ ಲೆವರ್‌ಕುಸನ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್ ನಡೆಯುತ್ತಿತ್ತು, ಮ್ಯಾಡ್ರಿಡ್‌ಗೆ 2-1 ಮುನ್ನಡೆ ಇತ್ತು. ಜಿದಾನ್ ಹೊಡೆದ ಆ ಎಡಗಾಲಿನ ವಾಲಿಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಮ್ಮ ಕಸುಬಿನವರು ನೆನಪಿಡುವುದು 68ನೇ ನಿಮಿಷವನ್ನು. ಸೆಸಾರ್ ಗಾಯಗೊಂಡು ಹೊರಬಂದ, ಕಸಿಯಾಸ್ ಒಳಗೆ ಹೋದ. ಕೊನೆಯ ಕೆಲವು ನಿಮಿಷಗಳಲ್ಲಿ ಒಂದರ ಹಿಂದೆ ಒಂದು ಚೆಂಡು ತಡೆದ, ಅದರಲ್ಲಿ ಒಂದು ಕಾಲಿನಿಂದ.

ಅದಾಗಿ ಕೆಲವೇ ದಿನಕ್ಕೆ ಬಾಟಲಿ ಪ್ರಸಂಗ. ಸ್ಪೇನ್ ತಂಡದ ಮೊದಲ ಕೀಪರ್ ಸಾಂತಿಯಾಗೊ ಕಾನಿಸಾರೆಸ್. ವಿಶ್ವಕಪ್‌ಗೆ ಹೊರಡುವ ಮುಂಚಿನ ಕ್ಯಾಂಪಿನ ಹೋಟೆಲ್‌ನಲ್ಲಿ ಸೆಂಟಿನ ಗಾಜಿನ ಬಾಟಲಿ ಕೈಜಾರಿತು. ಕೆಳಗೆ ಬೀಳುವ ವಸ್ತುವನ್ನು ಕಂಡರೆ ಕೀಪರ್ ಸುಮ್ನೆ ನಿಲ್ಲುತ್ತಾನಾ? ಕಾಲು ಒಡ್ಡಿದ. ಗಾಜು ಒಡೆದು ಪಾದದ ಸ್ನಾಯುರಜ್ಜು ಕತ್ತರಿಸಿತು, ವಿಶ್ವಕಪ್ ಹೋಯಿತು. ಆ ಜಾಗಕ್ಕೆ ಬಂದ 21ರ ಕಸಿಯಾಸ್ ಕೊರಿಯಾದ ಸುವೊನ್‌ನಲ್ಲಿ ಐರ್ಲೆಂಡ್ ವಿರುದ್ಧ ಆಟದ ನಡುವೆ ಒಂದು ಪೆನಾಲ್ಟಿ ತಡೆದ, ಶೂಟೌಟ್‌ನಲ್ಲಿ ಎರಡು ತಡೆದ. ಮತ್ತೆ ಹತ್ತು ಹನ್ನೆರಡು ವರ್ಷ ಸ್ಪೇನಿನ ಗೋಲ್ ಮುಂದೆ ಬೇರೆಯವರಿಗೆ ಖಾಯಂ ಜಾಗ ಸಿಗಲಿಲ್ಲ. ಅವನ ಹಿಂದೆ ಕಾಯುತ್ತಿದ್ದ ಕೀಪರ್‌ಗಳಾದ ಪೆಪೆ ರೇನಾ, ವಿಕ್ಟರ್ ವಾಲ್ದೆಸ್ ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಸುಲಭವಾಗಿ ಒಂದನೇ ನಂಬರ್ ಆಗುತ್ತಿದ್ದರು ಅನ್ನುವುದು ನನ್ನ ಅನಿಸಿಕೆ.

ರೇನಾ ಬಗ್ಗೆ ಒಂದು ಮಾತು. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಪರಗ್ವೆಯ ಕಾರ್ದೊಸೊ ಪೆನಾಲ್ಟಿಯನ್ನು ಕಸಿಯಾಸ್ ಎದೆಗವಚಿ ಹಿಡಿದನಲ್ಲ, ಕಾರ್ದೊಸೊ ಯಾವ ಕಡೆ ಹೊಡೆಯುತ್ತಾನೆ ಅಂತ ಮೊದಲೇ ಹೇಳಿಕೊಟ್ಟಿದ್ದು ಬೆಂಚಿನಲ್ಲಿದ್ದ ರೇನಾ. ಎರಡನೇ ಕೀಪರ್ ಕೆಲಸ ಹೀಗೂ ಇರುತ್ತದೆ. ಹೆಸರು ಸ್ಕೋರ್‌ಕಾರ್ಡಿನಲ್ಲಿ ಬರಲ್ಲ.

ಈಗ ನೆದರ್ಲೆಂಡ್ಸ್ ಫಾರ್ವರ್ಡ್ ರಾಬೆನ್. ಇದನ್ನು ನಾನು ಪ್ರತಿ ಬ್ಯಾಚಿಗೂ ತೋರಿಸುತ್ತೇನೆ. 2010ರ ಜುಲೈ 11, ಜೊಹಾನ್ಸ್‌ಬರ್ಗ್, ವಿಶ್ವಕಪ್ ಫೈನಲ್, 62ನೇ ನಿಮಿಷ, 0-0. ಅವನ ಜೊತೆಗಾರ ಸ್ನೈಡರ್ ಕೊಟ್ಟ ಪಾಸ್ ಸ್ಪೇನಿನ ಡಿಫೆನ್ಸನ್ನು ಸೀಳಿಕೊಂಡು ಹೋಯಿತು. ರಾಬೆನ್ ಒಬ್ಬನೇ ಬರುತ್ತಿದ್ದಾನೆ, ಮುಂದೆ ಕಸಿಯಾಸ್ ಒಬ್ಬನೇ. ಗೋಲಿನ ಅಗಲ 7.32 ಮೀಟರ್. ಗೆರೆ ಮೇಲೇ ನಿಂತರೆ ಎರಡೂ ಕಡೆ ಖಾಲಿ, ಪೂರ್ತಿ ನುಗ್ಗಿದರೆ ಚೆಂಡು ತಲೆ ಮೇಲಿಂದ ಹೋಗುತ್ತದೆ. ಅವನು ಮುಂದೆ ಬಂದ, ಆದರೆ ಓಡೋಡಿ ಬಂದು ಕಾಲಿಗೆ ಬೀಳಲಿಲ್ಲ. ಸಣ್ಣ ಸಣ್ಣ ಹೆಜ್ಜೆ, ಆಮೇಲೆ ನಿಂತ. ರಾಬೆನ್ ಹೊಡೆಯುವ ಹೊತ್ತಿಗೆ ದೇಹ ಒಂದು ಕಡೆಗೆ ವಾಲಿತ್ತು, ಚೆಂಡು ಇನ್ನೊಂದು ಕಡೆಗೆ ಬಂತು. ಹಿಂದೆ ಉಳಿದಿದ್ದ ಬಲಗಾಲಿನ ಬೂಟಿನ ತುದಿಗೆ ತಗುಲಿ ಪೋಸ್ಟಿನ ಹೊರಗೆ ಹಾರಿತು.

ಅದೃಷ್ಟ ಅಂತ ಮಕ್ಕಳು ಹೇಳುತ್ತಾರೆ. ವಿಡಿಯೊ ನಿಲ್ಲಿಸಿ ಕಾಲು ನೋಡಿ ಅನ್ನುತ್ತೇನೆ. ನಮ್ಮ ಹುಡುಗರು ಒಂದು ಕಡೆಗೆ ಹಾರಿದರೆ ಎರಡೂ ಕಾಲು ಮೈ ಹಿಂದೆ ಬಾಲದ ಹಾಗೆ ಎಳೆದುಕೊಂಡು ಹೋಗುತ್ತವೆ. ಕಸಿಯಾಸ್ ಮೈ ಬಿದ್ದರೂ ಕಾಲನ್ನು ಬಿಟ್ಟುಬಂದ. ಹೊಡೆಯುವವನು ಮೋಸ ಮಾಡುತ್ತಾನೆ ಅಂತ ಗೊತ್ತಿದ್ದವನ ಕಾಲು ಅದು. ಇದನ್ನು ಕಲಿಸಬಹುದು, ಬೇಸರ ಬರುವಷ್ಟು ಸಲ ಮಾಡಿಸಬೇಕು ಅಷ್ಟೇ. 83ನೇ ನಿಮಿಷಕ್ಕೆ ರಾಬೆನ್ ಮತ್ತೆ ನುಗ್ಗಿದಾಗ ಮಾತ್ರ ಕಾಲಿನ ಬುಡಕ್ಕೇ ಹೋಗಿ ಚೆಂಡು ಎತ್ತಿಕೊಂಡ. ಸ್ಪೇನನ್ನು ಗೆಲ್ಲಿಸಿದ ಇನಿಯೆಸ್ತಾ ಗೋಲು ಬಂದದ್ದು 116ನೇ ನಿಮಿಷಕ್ಕೆ. ಇಡೀ ಟೂರ್ನಿಯಲ್ಲಿ ಸ್ಪೇನ್ ಬಿಟ್ಟುಕೊಟ್ಟಿದ್ದು ಎರಡೇ ಗೋಲು.

ನಿಜ ಹೇಳಬೇಕೆಂದರೆ ಅವನಲ್ಲಿ ಎಲ್ಲವೂ ಸರಿ ಇರಲಿಲ್ಲ. ಗೆರೆ ಮೇಲೆ ಹುಲಿ, ಗೋಲು ಬಿಟ್ಟು ಪಕ್ಕದಿಂದ ಹಾರಿ ಬರುವ ಕ್ರಾಸ್ ಹಿಡಿಯಲು ಹೊರಟರೆ ಅನುಮಾನ. ಕಾಲಿನಿಂದ ಚೆಂಡು ಆಡಿಸುವುದರಲ್ಲಿ ವಾಲ್ದೆಸ್ ಅವನಿಗಿಂತ ಎಷ್ಟೋ ಮುಂದಿದ್ದ, ಆಟವೂ ಅದೇ ದಿಕ್ಕಿಗೆ ಹೋಗುತ್ತಿತ್ತು. ಗೆಲ್ಲುತ್ತಿದ್ದಾಗ ಇದನ್ನು ಯಾರೂ ಎತ್ತಲಿಲ್ಲ.

2012ರ ಡಿಸೆಂಬರ್‌ನಲ್ಲಿ ಮಲಗಾ ವಿರುದ್ಧದ ಆಟಕ್ಕೆ ರಿಯಲ್ ಮ್ಯಾಡ್ರಿಡ್ ಕೋಚ್ ಮೊರಿನ್ಯೊ ಅವನನ್ನು ಕೂರಿಸಿ ಎರಡನೇ ಕೀಪರ್ ಆದಾನ್‌ನನ್ನು ಆಡಿಸಿದರು. ಮುಂದಿನ ಜನವರಿಯಲ್ಲಿ ವಲೆನ್ಸಿಯಾ ವಿರುದ್ಧ ಸ್ವಂತ ತಂಡದ ಅರ್ಬೆಲೊವಾನ ಕಾಲು ತಾಗಿ ಕಸಿಯಾಸ್ ಎಡಗೈ ಮೂಳೆ ಮುರಿಯಿತು. ಕ್ಲಬ್ ತಕ್ಷಣ ಸೆವಿಯಾದಿಂದ ಕೀಪರ್ ದಿಯೆಗೊ ಲೋಪೆಸ್‌ನನ್ನು ತಂದಿತು. ಕೈ ಕೂಡಿದರೂ ಜಾಗ ಕೂಡಲಿಲ್ಲ. ಕಾನಿಸಾರೆಸ್ ಪಾದ, ಸೆಸಾರ್ ಗಾಯ, ಈಗ ಇವನ ಕೈ. ಯಾವ ಬಾಗಿಲಿನಿಂದ ಒಳಗೆ ಬಂದನೋ ಅದೇ ಬಾಗಿಲು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನ ಡಿವಿಜನ್ ಲೀಗ್‌ನಲ್ಲಿ ಆಡುತ್ತಿದ್ದಾಗ ಪ್ರಾಕ್ಟೀಸಿನಲ್ಲಿ ನನ್ನ ಕಿರುಬೆರಳು ಮುರಿಯಿತು. ಏಳು ವಾರ ಕಳೆದು ಹೋದರೆ ನನ್ನ ಗ್ಲೌಸ್ ಇಡುತ್ತಿದ್ದ ಮೊಳೆಗೆ ಬೇರೆಯವನ ಚೀಲ ನೇತಾಡುತ್ತಿತ್ತು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆರಳು ಇವತ್ತಿಗೂ ನೆಟ್ಟಗಿಲ್ಲ.

ಕಸಿಯಾಸ್ ಕಥೆಗೆ ಬರೋಣ. ಮರು ಸೀಸನ್‌ನಲ್ಲಿ ಮ್ಯಾಡ್ರಿಡ್‌ನ ಹೊಸ ಕೋಚ್ ಆಂಚೆಲೊಟ್ಟಿ ಒಂದು ರಾಜಿ ಮಾಡಿದರು. ಲೀಗ್ ಆಟ ಲೋಪೆಸ್‌ಗೆ, ಕಪ್ ಮತ್ತು ಚಾಂಪಿಯನ್ಸ್ ಲೀಗ್ ಕಸಿಯಾಸ್‌ಗೆ. ಕೇಳಲು ನ್ಯಾಯವಾಗಿದೆ. ಕೀಪರ್ ಮಟ್ಟಿಗೆ ಇದು ಕೆಟ್ಟ ಏರ್ಪಾಡು ಅಂತಲೇ ನಾನು ಹೇಳುವುದು, ಯಾಕೆಂದರೆ ಹೊರಗೆ ಬರಬೇಕಾ ಬೇಡವಾ ಅನ್ನುವ ಲೆಕ್ಕ ಪ್ರಾಕ್ಟೀಸಿನಲ್ಲಿ ಕೂಡಿಬರಲ್ಲ, ವಾರಾ ವಾರಾ ಮ್ಯಾಚ್ ಆಡಿಯೇ ಅದು ಮೈಗೆ ಹತ್ತಬೇಕು. 2014ರಲ್ಲಿ ಲಿಸ್ಬನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಎದುರಾಳಿ ಅಟ್ಲೆಟಿಕೊ ತಂಡದ ಕಾರ್ನರ್, ಚೆಂಡು ಹೊರಗೆ ಹೋಗಿ ಮತ್ತೆ ತಲೆಯಿಂದ ಒಳಗೆ ಬಂತು. ಕಸಿಯಾಸ್ ಹೊರಟ. ಅರ್ಧ ದಾರಿಯಲ್ಲಿ ಸಿಗಲ್ಲ ಅಂತ ಗೊತ್ತಾಯಿತು. ಅಟ್ಲೆಟಿಕೊದ ಗೊದಿನ್ ತಲೆಗೆ ತಗುಲಿದ ಚೆಂಡು ನಿಧಾನಕ್ಕೆ, ಕಮಾನಿನ ಹಾಗೆ, ಅವನ ಮೇಲಿಂದ ಹೋಯಿತು. ಹಿಂದಕ್ಕೆ ಓಡಿ ಕೈಯಿಂದ ಎಳೆದ, ಅಷ್ಟರಲ್ಲಿ ಚೆಂಡು ಗೆರೆ ದಾಟಿತ್ತು. ಹೊರಡದೇ ಇದ್ದಿದ್ದರೂ ಸರಿ, ಪೂರ್ತಿ ಹೋಗಿದ್ದರೂ ಸರಿ. ಮ್ಯಾಡ್ರಿಡ್‌ನ ರಾಮೊಸ್ 93ನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆಯದಿದ್ದರೆ ಆ ಸೋಲು ಜೀವನಪೂರ್ತಿ ಇವನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಕೊನೆಗೆ 4-1ಕ್ಕೆ ಗೆದ್ದರು, ಕಪ್ ಎತ್ತಿದ್ದು ನಾಯಕನಾಗಿದ್ದ ಇವನೇ. ಮೂರೇ ವಾರಕ್ಕೆ ಬ್ರೆಜಿಲ್‌ನ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಇವನಿಗೆ ಐದು ಗೋಲು ಹಾಕಿತು.

2015ರ ಜುಲೈಯಲ್ಲಿ ರಿಯಲ್ ಮ್ಯಾಡ್ರಿಡ್ ಬಿಟ್ಟ. 725 ಪಂದ್ಯ ಆಡಿದ ಮನುಷ್ಯ ಪತ್ರಕರ್ತರ ಮುಂದೆ ಒಬ್ಬನೇ ಕೂತು, ಅಳು ತಡೆಯಲಾರದೆ, ಕಾಗದ ನೋಡಿಕೊಂಡು ವಿದಾಯ ಓದಿದ. ಪಕ್ಕದಲ್ಲಿ ಕ್ಲಬ್ಬಿನವರು ಯಾರೂ ಇರಲಿಲ್ಲ. ನೋಡಲು ಹಿಂಸೆಯಾಗುತ್ತದೆ, ಹುಡುಗರಿಗೆ ತೋರಿಸಲ್ಲ.

ಆಮೇಲೆ ಸೇರಿದ ಪೋರ್ಟೊ ಕ್ಲಬ್ಬಿನಲ್ಲಿ ಚೆನ್ನಾಗಿಯೇ ಆಡಿದ, 2018ರಲ್ಲಿ ಪೋರ್ಚುಗಲ್ ಲೀಗ್ ಗೆದ್ದ. ಸ್ಪೇನಿಗೆ 167 ಪಂದ್ಯ ಆದ ಮೇಲೆ 2016ರ ಯೂರೊ ಟೂರ್ನಿಯಲ್ಲಿ ಗೋಲ್ ಮುಂದೆ ದ ಹೆಯಾ ಆಡಿದ, ಇವನು ಬೆಂಚಿನಲ್ಲಿದ್ದ, ಶುರುವಿನಲ್ಲಿ ಇದ್ದ ಹಾಗೆಯೇ. 2019ರ ಮೇ 1ರಂದು ಪ್ರಾಕ್ಟೀಸ್ ಮಾಡುತ್ತಿದ್ದಾಗಲೇ ಹೃದಯಾಘಾತವಾಯಿತು. ಆಗ 37 ವರ್ಷ. ಕೀಪರ್‌ಗೆ ಅದೇನು ವಯಸ್ಸಲ್ಲ, ಇಟಲಿಯ ಕೀಪರ್ ಬುಫೊನ್ 45ರವರೆಗೂ ಆಡಿದರು. ಕಸಿಯಾಸ್ ಬದುಕಿಕೊಂಡ, ಆದರೆ ಮತ್ತೆ ಒಂದು ಪಂದ್ಯವೂ ಆಡಲಿಲ್ಲ. 2020ರ ಆಗಸ್ಟ್ 4ರಂದು ನಿವೃತ್ತಿ ಹೇಳಿದ.

ಇಷ್ಟು ಕೇಳಿದ ಮೇಲೆ ಕಳೆದ ತಿಂಗಳು ಒಬ್ಬ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಫಾರ್ವರ್ಡ್ ಆಡಿಸಿ ಸರ್" ಅಂದರು. ಹುಡುಗ ಅಷ್ಟರಲ್ಲಿ ಗ್ಲೌಸ್ ಹಾಕಿಕೊಂಡು ಪೋಸ್ಟ್ ಹತ್ತಿರ ಹೋಗಿಬಿಟ್ಟಿದ್ದ.