ಆ ಕಡೆಯೂ ‘ಪಾಪ’, ಈ ಕಡೆಯೂ ‘ಪಾಪ’: ನಂಬುವವರು, ನಂಬದವರು ಒಬ್ಬರ ಸುಖವನ್ನು ಒಬ್ಬರು ಕಂಡ ಬಗೆ

ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದರೆ, ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತದೆ. ಆ ದಿನಗಳಲ್ಲಿ ಹಾಸನದಲ್ಲಿ ಎಲ್ಲಿ ನೋಡಿದರೂ ಸಾಲು. ನಮ್ಮಮ್ಮ ಧರ್ಮದರ್ಶನದ ಸಾಲಿನಲ್ಲೇ ನಿಲ್ಲುತ್ತಾರೆ. ದುಡ್ಡು ಕೊಟ್ಟು ಬೇಗ ನುಗ್ಗೋದು ಅವರಿಗೆ ಸರಿಬರಲ್ಲ. ಒಂದು ವರ್ಷ ರಾತ್ರಿ ಹತ್ತಕ್ಕೆ ನಿಂತವರು ಬೆಳಗ್ಗೆ ಆರಕ್ಕೆ ಹೊರಗೆ ಬಂದರು. ಕಾಲು ಊದಿತ್ತು. ಮುಖ ಅರಳಿತ್ತು.

ಅದನ್ನು ನೋಡಿ ನಮ್ಮ ಚಿಕ್ಕಪ್ಪ, “ಪಾಪ ಅತ್ತಿಗೆ, ಎಂಟು ಗಂಟೆ ನಿಂತು ಎಂಟು ಸೆಕೆಂಡು ನೋಡ್ಕೊಂಡು ಬಂದು ಖುಷಿ ಆಯ್ತು ಅಂತಾರೆ” ಎಂದರು. ಚಿಕ್ಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ದೇವರನ್ನು ನಂಬುವುದಿಲ್ಲ. ಅವರು ಅತ್ತ ಹೋದ ಮೇಲೆ ಅಮ್ಮ ನನ್ನ ಹತ್ತಿರ ಹೇಳಿದರು: “ಪಾಪ ಕಣೋ ಅವನು. ಕಷ್ಟ ಬಂದ್ರೆ ಹೇಳ್ಕೊಳ್ಳೋಕೆ ಮೇಲೆ ಯಾರೂ ಇಲ್ಲ.”

ಇಬ್ಬರ ಬಾಯಲ್ಲೂ ಒಂದೇ ಮಾತು. ನಮ್ಮಲ್ಲಿ ಪಾಪ ಅಂದರೆ ಮಾಡಬಾರದ್ದನ್ನು ಮಾಡಿ ಹೊತ್ತುಕೊಂಡದ್ದು. ಪಾಪ ಅಂದರೆ ಅಯ್ಯೋ ಅನ್ನಿಸುವ ಕನಿಕರವೂ ಹೌದು. ನಂಬುವವರು ಮತ್ತು ನಂಬದವರು ಒಬ್ಬರ ಸುಖದ ಬಗ್ಗೆ ಇನ್ನೊಬ್ಬರು ಆಡಿಕೊಂಡು ಬಂದದ್ದೆಲ್ಲ ಈ ಎರಡು ಅರ್ಥಗಳ ನಡುವೆಯೇ ಓಡಾಡಿದೆ. ಮೊದಲು ಬಂದದ್ದು ಬೈಗುಳದ ಪಾಪ. ಕನಿಕರದ ಪಾಪ ಆಮೇಲೆ ಬಂತು.

ಬೈಗುಳ ಎಂದ ಕೂಡಲೇ ನೆನಪಾಗೋದು ತುಪ್ಪ. ದೇವರು, ಪರಲೋಕ, ವೇದ ಯಾವುದನ್ನೂ ಒಪ್ಪದ ಹಳೆಯ ಕಾಲದ ಚಾರ್ವಾಕರ ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಮಾತನ್ನು ಯಾರು ಕೇಳಿಲ್ಲ? ದೇವರಿಲ್ಲ ಅನ್ನುವವನ ಸುಖ ಅಂದರೆ ಇಷ್ಟೇ, ಯಾರದೋ ದುಡ್ಡಲ್ಲಿ ಮಜಾ ಮಾಡೋದು ಅನ್ನುವ ಚಿತ್ರ ಬಂದದ್ದು ಇಲ್ಲಿಂದಲೇ. ಆದರೆ ಈ ಸಾಲು ನಮಗೆ ಸಿಕ್ಕಿರುವುದು ಚಾರ್ವಾಕರು ಬರೆದ ಪುಸ್ತಕದಿಂದಲ್ಲ. ಅವರ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲ ಕಳೆದುಹೋಗಿವೆ. ಸಿಕ್ಕಿರುವುದು ಹಲವು ದರ್ಶನಗಳನ್ನು ಒಂದೊಂದಾಗಿ ವಿವರಿಸುವ 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ. ಬರೆದವರು ಮಾಧವಾಚಾರ್ಯರು. ಅವರೇ ಶೃಂಗೇರಿಯ ವಿದ್ಯಾರಣ್ಯರು ಎಂಬುದು ಪರಂಪರೆಯ ಮಾತು. ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವಿಲ್ಲ. ಹೇಗೇ ಇರಲಿ, ನಾಸ್ತಿಕನ ಸುಖ ಹೇಗಿರುತ್ತದೆ ಎಂದು ನಮಗೆ ಹೇಳಿದವರು ಆಸ್ತಿಕರು.

ಆ ಪುಸ್ತಕದಲ್ಲೇ ಒಂದು ತಮಾಷೆ ಇದೆ. ಚಾರ್ವಾಕರ ಅಧ್ಯಾಯದ ಶುರುವಿನಲ್ಲಿ ಇದೇ ಶ್ಲೋಕ ಬೇರೆ ರೂಪದಲ್ಲಿ ಬರುತ್ತದೆ: ‘ಇರುವಷ್ಟು ದಿನ ಸುಖವಾಗಿ ಬದುಕು, ಸಾವಿಗೆ ಸಿಕ್ಕದ್ದು ಯಾವುದೂ ಇಲ್ಲ.’ ಇಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ತುಪ್ಪ ಬರುವುದು ಅಧ್ಯಾಯದ ಕೊನೆಗೆ. ಈ ತುಪ್ಪವಿಲ್ಲದ ರೂಪವೇ ಹಳೆಯದು, ಅದಕ್ಕೂ ಹಿಂದಿನ ಗ್ರಂಥಗಳಲ್ಲಿ ಸಿಗುವುದು ಅದೇ ಎಂದು ಚಾರ್ವಾಕರ ಬಗ್ಗೆ ಕೆಲಸ ಮಾಡಿದ ವಿದ್ವಾಂಸರು ತೋರಿಸಿದ್ದಾರೆ. ಸಾವಿನ ಬಗ್ಗೆ ಇದ್ದ ಒಂದು ಗಂಭೀರ ಮಾತು ಊಟದ ಜೋಕಾಗಿ ಉಳಿದುಕೊಂಡಿತು.

ಅದೇ ಅಧ್ಯಾಯದಲ್ಲಿ ಚಾರ್ವಾಕರ ಹೆಸರಲ್ಲಿ ಬರುವ ಇನ್ನೊಂದು ವಾದ ನನಗೆ ತುಂಬಾ ಇಷ್ಟ. ಸುಖದ ಜೊತೆ ದುಃಖ ಅಂಟಿಕೊಂಡೇ ಬರುತ್ತೆ, ಅದಕ್ಕೇ ಸುಖವನ್ನೇ ಬಿಡು ಅನ್ನುವವರಿಗೆ ಅವರ ಉತ್ತರ ಇದು. ಮುಳ್ಳಿದೆ ಎಂದು ಮೀನು ಬಿಡುತ್ತಾರಾ? ಹೊಟ್ಟಿದೆ ಎಂದು ಭತ್ತ ಬಿಡುತ್ತಾರಾ? ಜಿಂಕೆ ಬಂದು ಮೇಯುತ್ತೆ ಎಂದು ಬಿತ್ತನೆ ನಿಲ್ಲಿಸುತ್ತಾರಾ? ಭಿಕ್ಷುಕರು ಬರುತ್ತಾರೆ ಎಂದು ಒಲೆ ಮೇಲೆ ಪಾತ್ರೆ ಇಡದೆ ಇರುತ್ತಾರಾ? ಆಲೂರು, ಸಕಲೇಶಪುರದ ಕಡೆಯವರು ಜಿಂಕೆಯ ಜಾಗದಲ್ಲಿ ಆನೆ ಎಂದು ಓದಿಕೊಳ್ಳಬಹುದು. ಆನೆ ತುಳಿದ ಗದ್ದೆಯಲ್ಲೇ ಮತ್ತೆ ನಾಟಿ ಮಾಡುವವನ ಮಾತಿನ ಹಾಗಿದೆ ಇದು.

ಚಾರ್ವಾಕರೂ ಸುಮ್ಮನೆ ಇದ್ದವರಲ್ಲ. ಯಜ್ಞ, ಭಸ್ಮ ಎಲ್ಲ ಬುದ್ಧಿಯೂ ದುಡಿಮೆಯೂ ಇಲ್ಲದವರ ಹೊಟ್ಟೆಪಾಡು ಎಂಬ ಶ್ಲೋಕವೂ ಅವರ ಹೆಸರಲ್ಲೇ ಇದೆ. ಅವರ ಲೆಕ್ಕದಲ್ಲಿ ಮಾಡಿಸುವವನು ಮೋಸಗಾರ, ಮಾಡುವವನು ಮೋಸಹೋದವನು. ನಂಬಿದವನ ಸುಖ ನಿಜವಾದ ಸುಖ ಇರಬಹುದು ಎಂದು ಅವರೂ ಒಪ್ಪಲಿಲ್ಲ.

ನಾಸ್ತಿಕ ಎಂಬ ಪದಕ್ಕೆ ಆಗ ಈಗಿನ ಅರ್ಥ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ಹಾಗಾಗಿ ಜೈನರು, ಬೌದ್ಧರು ನಾಸ್ತಿಕರ ಪಟ್ಟಿಗೆ ಸೇರಿದರು. ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪದ ಮೀಮಾಂಸಕರು ಮಾತ್ರ ಆಸ್ತಿಕರಾಗೇ ಉಳಿದರು, ವೇದ ಒಪ್ಪಿದ್ದರಲ್ಲ! ಬೇಲೂರಿನ ಶಾಸನವೊಂದರಲ್ಲಿ ಒಂದು ಹೆಸರಾದ ಶ್ಲೋಕವಿದೆ. ಶೈವರು ಶಿವ ಎಂದು, ಬೌದ್ಧರು ಬುದ್ಧ ಎಂದು, ಜೈನರು ಅರ್ಹಂತ ಎಂದು, ಮೀಮಾಂಸಕರು ಕರ್ಮ ಎಂದು ಭಜಿಸುವುದು ನಮ್ಮ ಕೇಶವನನ್ನೇ ಎಂಬ ಭಾವ. ಎಷ್ಟು ದೊಡ್ಡ ಮನಸ್ಸು ಅನ್ನಿಸುತ್ತದೆ. ಆದರೆ ಆ ಪಟ್ಟಿಯಲ್ಲಿ ಚಾರ್ವಾಕ ಇಲ್ಲ. ಅವನಿಗೆ ಬೇಲೂರಲ್ಲೂ ಜಾಗ ಸಿಗಲಿಲ್ಲ.

ಜೈನರ ವಿಷಯಕ್ಕೆ ಬಂದರೆ, ಅದು ನಮ್ಮ ಜಿಲ್ಲೆಯದೇ ಕಥೆ. ಶ್ರವಣಬೆಳಗೊಳದ ಬಾಹುಬಲಿಯನ್ನು ಚಾವುಂಡರಾಯ ನಿಲ್ಲಿಸಿ ಸಾವಿರ ವರ್ಷ ದಾಟಿತು. ಸುಮಾರು 58 ಅಡಿ ಎತ್ತರದ ಆ ಕಲ್ಲಿನ ತುಟಿಯ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ನಗು. ಇತ್ತ ಹಾಸನಾಂಬೆ ಎಂದರೆ ನಗುಮುಖದ ತಾಯಿ ಎಂದು ಊರಲ್ಲಿ ಅರ್ಥ ಹೇಳುತ್ತಾರೆ. ಒಂದೇ ಜಿಲ್ಲೆಯಲ್ಲಿ ಎರಡು ಥರದ ನಗು. ಹಾಸನಾಂಬೆ ಕೇಳಿಕೊಂಡವರ ಕಷ್ಟ ಪರಿಹರಿಸುತ್ತಾಳೆ ಎಂಬುದು ಭಕ್ತರ ನಂಬಿಕೆ. ಜೈನ ಸಿದ್ಧಾಂತದಲ್ಲಾದರೆ ಮುಕ್ತನಾದವನು ಯಾರಿಗೂ ವರ ಕೊಡುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಸೃಷ್ಟಿಕರ್ತನೇ ಇಲ್ಲ. ಹಾಗಿದ್ದೂ ಮುಕ್ತನ ನಾಲ್ಕು ಅನಂತಗಳಲ್ಲಿ ಒಂದು ಅನಂತ ಸುಖ. ಸೃಷ್ಟಿಸಿದವನಿಲ್ಲದಿದ್ದರೆ ಸುಖ ಎಲ್ಲಿಂದ ಬರಬೇಕು ಎಂದು ಕೇಳುವವರನ್ನು ಬಾಹುಬಲಿ ನಿಂತಿರುವ ವಿಂಧ್ಯಗಿರಿಯ ಮೆಟ್ಟಿಲು ಹತ್ತಿಸಬೇಕು. ನಮ್ಮಮ್ಮ ಅಲ್ಲಿಗೂ ಹೋಗಿ ಕೈಮುಗಿದು ವರ ಕೇಳಿಕೊಂಡು ಬಂದಿದ್ದಾರೆ, ಅದು ಬೇರೆ ಮಾತು.

ಅದೇ ಬೆಳಗೊಳದ ಭಂಡಾರಿ ಬಸದಿಯಲ್ಲಿ ವಿಜಯನಗರದ ರಾಜ ಬುಕ್ಕರಾಯನ 1368ರ ಶಾಸನವಿದೆ. ಶ್ರೀವೈಷ್ಣವರಿಂದ ತೊಂದರೆಯಾಗುತ್ತಿದೆ ಎಂದು ಜೈನರು ದೂರು ಕೊಟ್ಟಿದ್ದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಕ್ಕೂ ಭೇದವಿಲ್ಲ ಎಂದ. ಜೈನರಿಗೆ ಆದ ಹಾನಿ ವೃದ್ಧಿಗಳನ್ನು ವೈಷ್ಣವರು ತಮಗೇ ಆದ ಹಾನಿ ವೃದ್ಧಿ ಎಂದು ತಿಳಿಯಬೇಕು ಎಂದ. ಬರೀ ಬಾಯಿಮಾತಿನ ಉಪದೇಶ ಮಾಡಿ ಕಳಿಸಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡುವ ಏರ್ಪಾಡಾಯಿತು. ಉಳಿದ ದುಡ್ಡು ಬಸದಿಗಳ ಸುಣ್ಣಬಣ್ಣ, ರಿಪೇರಿಗೆ. ಅವರ ಸುಖ ನಿನ್ನ ಸುಖ ಅಂದುಕೋ ಎಂದು ಕಲ್ಲಿನ ಮೇಲೆ ಬರೆಸಿ, ಜೊತೆಗೆ ಕಾವಲನ್ನೂ ಇಟ್ಟ ಬುಕ್ಕರಾಯನಿಗೆ ಜನರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಇಲ್ಲಿಂದ ಸೀದಾ 1844ಕ್ಕೆ ಬರುತ್ತೇನೆ. ಧರ್ಮ ಜನರ ಅಫೀಮು ಎಂದು ಕಾರ್ಲ್ ಮಾರ್ಕ್ಸ್ ಬರೆದದ್ದು ಆ ವರ್ಷ ಅಚ್ಚಾಯಿತು. ಅಫೀಮು ಎಲ್ಲರಿಗೂ ಗೊತ್ತು. ಅದರ ಹಿಂದಿನ ಸಾಲು ಯಾರೂ ಹೇಳುವುದಿಲ್ಲ. ಧರ್ಮ ಎಂದರೆ ನೊಂದವರ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದೂ ಅಲ್ಲೇ ಬರೆದಿದ್ದಾನೆ. ಜನರ ಭ್ರಮೆಯ ಸುಖ ಹೋಗಲಿ ಎನ್ನುವುದೇ ಅವರಿಗೆ ನಿಜವಾದ ಸುಖ ಬೇಕು ಎಂದು ಕೇಳುವುದು ಎಂಬುದು ಅವನ ವಾದ. ಬೈಗುಳದ ಪಾಪ ಕನಿಕರದ ಪಾಪ ಆಗುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಚಿಕ್ಕಪ್ಪನ ‘ಪಾಪ ಅತ್ತಿಗೆ’ ಇದೇ ಸಂತತಿಯದು.

ಆದರೆ ಈ ವಿಷಯದಲ್ಲಿ ತೀರಾ ಪ್ರಾಮಾಣಿಕವಾಗಿ ಬರೆದವರು ಯಾರು ಎಂದು ಕೇಳಿದರೆ ನಾನು ಭಗತ್ ಸಿಂಗ್ ಹೆಸರು ಹೇಳುತ್ತೇನೆ. 1930ರ ಅಕ್ಟೋಬರ್‌ನಲ್ಲಿ, ಲಾಹೋರ್ ಜೈಲಿನಲ್ಲಿ, ತಾನೇಕೆ ನಾಸ್ತಿಕ ಎಂದು ಒಂದು ಲೇಖನ ಬರೆದ. ವಯಸ್ಸು 23. ನೇಣು ಖಚಿತ ಎಂದು ಗೊತ್ತಿತ್ತು. ಇವನಿಗೆ ಅಹಂಕಾರ, ಅದಕ್ಕೇ ದೇವರಿಲ್ಲ ಅಂತಾನೆ ಎಂದು ಸ್ನೇಹಿತರೇ ಅಂದುಕೊಂಡಿದ್ದರಂತೆ. ಅದಕ್ಕೆ ಉತ್ತರ ಕೊಡುತ್ತ, ನಂಬಿಕೆ ಕಷ್ಟವನ್ನು ಹಗುರ ಮಾಡುತ್ತದೆ, ಹಿತವಾಗಿಸಲೂ ಬಲ್ಲದು, ದೇವರಲ್ಲಿ ಮನುಷ್ಯನಿಗೆ ದೊಡ್ಡ ಸಮಾಧಾನ ಸಿಗುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಅದಿಲ್ಲದವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಅದು ಸುಲಭವಲ್ಲ ಎನ್ನುತ್ತಾನೆ. ಭಕ್ತರ ಸುಖ ಸುಳ್ಳು ಎಂದು ತಳ್ಳಿಹಾಕಲಿಲ್ಲ. ಅದು ತನಗೆ ಬೇಡ ಎಂದ, ಅಷ್ಟೇ. ಕೊನೆಗಾಲದಲ್ಲಿ ನೀನೂ ನಂಬುತ್ತೀಯ ಎಂದು ಒಬ್ಬರು ಹೇಳಿದಾಗ, ಹಾಗೇನಾದರೂ ಮಾಡಿದರೆ ಅದು ನನಗೆ ನಾನೇ ಮಾಡಿಕೊಳ್ಳುವ ಅವಮಾನ ಎಂದು ಉತ್ತರಿಸಿದ. 1931ರ ಮಾರ್ಚ್ 23ರಂದು ಅವನನ್ನು ಗಲ್ಲಿಗೇರಿಸಿದರು.

‘ಕೊನೆಗೆ ದೇವರೇ ಅಂತ ಕರೀತೀಯ ಬಿಡು’ ಎಂಬ ಮಾತನ್ನು ನಮ್ಮ ಚಿಕ್ಕಪ್ಪ ವರ್ಷಕ್ಕೆ ಹತ್ತು ಸಲ ಕೇಳುತ್ತಾರೆ. ಬೈಪಾಸ್ ಆಪರೇಷನ್ ಆದಾಗ ವಾರ್ಡಿನ ಹೊರಗೆ ನೆಂಟರಿಗೆ ಇದ್ದ ಕುತೂಹಲ ಒಂದೇ: ಒಳಗೆ ಹೋಗುವ ಮುಂಚೆ ಕೈಮುಗಿದರಾ, ಇಲ್ವಾ? ಚಿಕ್ಕಪ್ಪ ಚಿಕ್ಕಮ್ಮನಿಗೆ ಕರೆಂಟ್ ಬಿಲ್ ಕಟ್ಟೋಕೆ ನೆನಪು ಮಾಡಿ ಒಳಗೆ ಹೋದರು. ಹಾಗಾದರೆ ಚಿಕ್ಕಪ್ಪ ನೆಮ್ಮದಿಯಾಗಿದ್ದಾರೆ ಎಂದು ಒಪ್ಪಬೇಕಲ್ಲ? ಅದಕ್ಕೆ ಅಮ್ಮ ಬೇರೆ ದಾರಿ ಹುಡುಕಿಕೊಂಡಿದ್ದಾರೆ. “ಅವನು ದೇವರಂಥ ಮನುಷ್ಯ ಕಣೋ, ಅವನಿಗೆ ಗೊತ್ತಿಲ್ಲ ಅಷ್ಟೇ.”

ಕರ್ನಾಟಕಕ್ಕೆ ಇಂಥ ಮನುಷ್ಯರ ಪರಿಚಯ ಇಲ್ಲದೆ ಇಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಖಾದಿ ಉಟ್ಟು, ಮದುವೆಯಾಗದೆ, ಹಾಸ್ಟೆಲ್ ಕೋಣೆಯಲ್ಲಿ ಬದುಕಿದರು. ಸಾಲದ ತುಪ್ಪದ ಚಿತ್ರಕ್ಕೂ ಅವರಿಗೂ ತಾಳೆಯೇ ಆಗುವುದಿಲ್ಲ. ಹಾಸನಾಂಬೆ ಗುಡಿಯಲ್ಲೂ ವರ್ಷವಿಡೀ ದೀಪ ಆರುವುದಿಲ್ಲ, ಹೂವು ಬಾಡುವುದಿಲ್ಲ ಎಂಬ ನಂಬಿಕೆಯನ್ನು ವಿಚಾರವಾದಿಗಳು ಪ್ರಶ್ನಿಸುತ್ತ ಬಂದಿದ್ದಾರೆ. ಆ ಜಗಳ ದೀಪದ್ದು. ಸಾಲಿನಲ್ಲಿ ನಿಂತವರ ಖುಷಿಯನ್ನು ಅದು ಮುಟ್ಟಿಲ್ಲ.

ಈ ಖುಷಿಯನ್ನು ಅಳೆಯುವ ಕೆಲಸ ಶುರುವಾದದ್ದು ಇತ್ತೀಚೆಗೆ. ಸಮೀಕ್ಷೆ ನಡೆಸುವ ಅಮೆರಿಕದ ಪ್ಯೂ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ನೋಡಿ. ಅಲ್ಲಿ ಚರ್ಚಿಗೋ ಮತ್ತೊಂದಕ್ಕೋ ತಪ್ಪದೆ ಹೋಗುವವರಲ್ಲಿ 36 ಶೇಕಡ ಜನ ತಾವು ತುಂಬಾ ಸುಖವಾಗಿದ್ದೇವೆ ಎಂದರು. ಯಾವ ಧರ್ಮಕ್ಕೂ ಸೇರದವರಲ್ಲಿ ಹಾಗೆಂದವರು 25 ಶೇಕಡ. ಅಮ್ಮನ ಪಕ್ಷ ಗೆದ್ದಂತೆ ಕಾಣುತ್ತದೆ, ಅಲ್ವಾ? ಆದರೆ ಧರ್ಮಕ್ಕೆ ಸೇರಿದ್ದೂ ಹೆಚ್ಚಾಗಿ ಹೋಗಿಬರದವರಲ್ಲೂ ಅದು 25 ಶೇಕಡವೇ. ಬರೀ ಹೆಸರಿಗೆ ಸೇರಿದ್ದರೆ ಏನೂ ಹೆಚ್ಚಾಗಲಿಲ್ಲ.

ಈ ಒಗಟನ್ನು ಅದಕ್ಕೂ ಮುಂಚೆ, 2010ರಲ್ಲಿ, ಸಮಾಜಶಾಸ್ತ್ರಜ್ಞ ಚೇಯೂನ್ ಲಿಮ್ ಮತ್ತು ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಬಿಡಿಸಿದ್ದರು. ವಾರವಾರ ಪ್ರಾರ್ಥನೆಗೆ ಹೋಗಿ, ಅಲ್ಲೇ ಮೂರರಿಂದ ಐದು ಆಪ್ತ ಸ್ನೇಹಿತರಿರುವವರಲ್ಲಿ 33 ಶೇಕಡ ಜನ ಬದುಕಿನ ಬಗ್ಗೆ ಪೂರ್ತಿ ತೃಪ್ತಿ ಎಂದರು. ವಾರವಾರ ಹೋದರೂ ಅಲ್ಲಿ ಸ್ನೇಹಿತರಿಲ್ಲದವರಲ್ಲಿ ಅದು 19. ಎಂದೂ ಹೋಗದವರಲ್ಲೂ 19. ಮುಂದಿನ ವರ್ಷ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು ಹಲವು ದೇಶಗಳ ಲೆಕ್ಕ ಹಾಕಿದರು. ಬದುಕು ಕಷ್ಟವಿರುವ ಕಡೆ ನಂಬುವವರ ಸುಖ ಜಾಸ್ತಿ. ಊಟ, ಆರೋಗ್ಯ, ಭದ್ರತೆ ಚೆನ್ನಾಗಿರುವ ಕಡೆ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಇದನ್ನು ಹಾಸನಕ್ಕೆ ಹಾಗ್ಹಾಗೇ ತಂದು ಹಚ್ಚೋಕಾಗಲ್ಲ. ನಮ್ಮ ಗುಡಿಗಳಿಗೆ ಸದಸ್ಯರ ಪಟ್ಟಿ ಇಲ್ಲ. ನಂಬದವರ ಲೆಕ್ಕವೂ ಸರಿಯಾಗಿ ಸಿಗಲ್ಲ. 2011ರ ಜನಗಣತಿಯಲ್ಲಿ 121 ಕೋಟಿ ಜನರಲ್ಲಿ ನಾಸ್ತಿಕ ಎಂದು ದಾಖಲಾದವರು ಸುಮಾರು 33 ಸಾವಿರ. ಚಿಕ್ಕಪ್ಪ ಅದರಲ್ಲಿಲ್ಲ. ಗಣತಿಗೆ ಬಂದವರಿಗೆ ಚಿಕ್ಕಮ್ಮನೇ ಎಲ್ಲ ಬರೆಸಿ, ಕಾಫಿ ಕೊಟ್ಟು ಕಳಿಸಿದ್ದರು. ಆದರೂ ನಮ್ಮ ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ರೋಗ ಬಿದ್ದ ವರ್ಷ ನೆನಪಾಗುತ್ತದೆ. ಅಮ್ಮ ದೀಪ ಹಚ್ಚಿ ತಾಯಿ ನೋಡ್ಕೊತಾಳೆ ಎಂದು ಮಲಗಿ ನಿದ್ದೆ ಮಾಡಿದರು. ನಂಬಿಕೆಯೂ ಇಲ್ಲದೆ, ಚಿಕ್ಕಪ್ಪನಂತೆ ತಿಂಗಳ ಪೆನ್ಷನ್ನೂ ಇಲ್ಲದೆ ಆ ರಾತ್ರಿ ನಿದ್ದೆಗೆಟ್ಟವನು ನಾನು. ನಮ್ಮನೆಯಲ್ಲಿ ಪಾಪ ಅನ್ನಬೇಕಾದ ಮೂರನೆಯವನೂ ಒಬ್ಬ ಇದ್ದಾನೆ ಎಂದು ಇಬ್ಬರಿಗೂ ಹೊಳೆದಿಲ್ಲ.

ಈಗ ಅಮ್ಮನಿಗೆ ಎಪ್ಪತ್ತು ದಾಟಿದೆ. ಹೋದ ಸಲ ಚಿಕ್ಕಪ್ಪನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಸಾಲಿನ ತುದಿಗೆ ಬಿಟ್ಟು ಬಂದರು. ಬೆಳಗ್ಗೆ ಕರೆತರಲು ಹೋದವರು ಹಾಸನಾಂಬೆ ಹೇಗಿದ್ದಳು ಎಂದು ಕೇಳಲಿಲ್ಲ. “ಈ ಸಲ ಯಾರು ಸಿಕ್ಕಿದ್ರು ಅತ್ತಿಗೆ?” ಎಂದರು. ಅರಕಲಗೂಡಿನ ಅದೇ ಹೆಂಗಸು ಮತ್ತೆ ಸಿಕ್ಕಿದ್ದರಂತೆ. ಮೂರು ವರ್ಷದಿಂದ ಸಾಲಿನಲ್ಲಿ ಮಾತ್ರ ಭೇಟಿ. ಅವರ ಮಗಳಿಗೆ ಹೆಣ್ಣುಮಗು ಆಗಿದೆಯಂತೆ. ರಾತ್ರಿ ಇಬ್ಬರೂ ಪುಳಿಯೋಗರೆ ಹಂಚಿಕೊಂಡು ತಿಂದರಂತೆ. ಮನೆ ಸೇರುವವರೆಗೂ ಸ್ಕೂಟರಿನ ಮೇಲೆ ಅದೇ ಮಾತು.