ಅನಾಥ ಕೃತಿ ಮಸೂದೆ 2008: ಚಿತ್ರ ಕಲಾವಿದರು ಯಾಕೆ ವಿರೋಧಿಸಿದರು?

ಕಾಪಿರೈಟ್ ಅವಧಿ ಇನ್ನೂ ಮುಗಿದಿಲ್ಲ. ಆದರೆ ಮಾಲೀಕರು ಯಾರು, ಎಲ್ಲಿದ್ದಾರೆ ಅಂತ ಪತ್ತೆಯಾಗುತ್ತಿಲ್ಲ. ಇಂಥದ್ದೇ ‘ಅನಾಥ ಕೃತಿ’. ಗ್ರಂಥಾಲಯದಲ್ಲಿ ಉಳಿದ ಹಳೆಯ ಫೋಟೊ, ಪ್ರಕಾಶನವೇ ಮುಚ್ಚಿಹೋದ ಪುಸ್ತಕ. ಬಳಸಬೇಕೆಂದರೆ ಯಾರನ್ನು ಕೇಳುವುದು?

ಅಮೆರಿಕದಲ್ಲಿ ಈ ತೊಂದರೆ ಬೆಳೆದದ್ದಕ್ಕೆ ಕಾನೂನೂ ಕಾರಣ. ಹಿಂದೆ ಅಲ್ಲಿ ಪ್ರಕಟಿತ ಕೃತಿಯ ಮೇಲೆ ಕಾಪಿರೈಟ್ ಸೂಚನೆ ಹಾಕಬೇಕಿತ್ತು, 28 ವರ್ಷವಾದ ಮೇಲೆ ನವೀಕರಿಸಬೇಕಿತ್ತು. 1978ರಿಂದ ಕಾಗದಕ್ಕೆ ಇಳಿದ ಗಳಿಗೆಯಿಂದಲೇ ಹಕ್ಕು. 1989ರಲ್ಲಿ ಬರ್ನ್ ಒಪ್ಪಂದ (ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಸೇರಿದ ಮೇಲೆ ಸೂಚನೆಯೂ ಕಡ್ಡಾಯವಲ್ಲ. ಕಲಾವಿದರಿಗೆ ಲಾಭವೇ ಆಯಿತು. ಯಾವುದು ಯಾರದ್ದು ಅಂತ ಹೇಳುವ ದಾಖಲೆ ಮಾತ್ರ ಕಡಿಮೆಯಾಯಿತು.

ಅಲ್ಲಿನ ಕಾಪಿರೈಟ್ ಕಚೇರಿ 2006ರ ಜನವರಿಯಲ್ಲಿ ಅನಾಥ ಕೃತಿಗಳ ಬಗ್ಗೆ ವರದಿ ಕೊಟ್ಟಿತು. ಅದರ ಬೆನ್ನಿಗೇ ಮಸೂದೆಗಳು ಬಂದವು. 2008ರ ಸೆಪ್ಟೆಂಬರಿನಲ್ಲಿ ಸೆನೆಟ್ ಒಂದನ್ನು ಒಪ್ಪಿತು. ಕೆಳಮನೆ ಪಾಸು ಮಾಡಲಿಲ್ಲ, ಬಿದ್ದುಹೋಯಿತು.

ಓದುವಾಗ ಇಲ್ಲಿ ಸ್ವಲ್ಪ ನಿಲ್ಲಿ. ಮಸೂದೆ ಯಾರ ಮಾಲೀಕತ್ವವನ್ನೂ ಕಿತ್ತುಕೊಳ್ಳುತ್ತಿರಲಿಲ್ಲ. ಅದು ಕೈಹಾಕಿದ್ದು, ಕೇಳದೆ ಬಳಸಿದ್ದಕ್ಕೆ ಮಾಲೀಕರಿಗೆ ಕೋರ್ಟಿನಲ್ಲಿ ಸಿಗುವ ಪರಿಹಾರಕ್ಕೆ. ಶ್ರದ್ಧೆಯಿಂದ ಹುಡುಕಿ, ಸಿಗದೆ, ಕೃತಿಯನ್ನು ಬಳಸಿದವರು ಮುಂದೆ ಮಾಲೀಕರು ಬಂದಾಗ ‘ಸಮಂಜಸ ಸಂಭಾವನೆ’ ಕೊಟ್ಟರೆ ಸಾಕು. ಅಂದರೆ ಮೊದಲೇ ಮಾತಾಡಿದ್ದರೆ ಇಬ್ಬರೂ ಒಪ್ಪುತ್ತಿದ್ದ ಬೆಲೆ. ಬಳಸಿದವರು ಅದನ್ನು ತಮ್ಮ ಹೊಸ ಕೃತಿಯೊಳಗೆ ಸೇರಿಸಿಬಿಟ್ಟಿದ್ದರೆ ಅದನ್ನು ತಡೆಯುವುದೂ ಕಷ್ಟ.

ನ್ಯಾಯವಾಗಿಯೇ ಇದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ಸಕಾಲಕ್ಕೆ ನೋಂದಾಯಿಸಿದ ಕೃತಿಯನ್ನು ಕದ್ದರೆ ಕೋರ್ಟು ಸಾಮಾನ್ಯವಾಗಿ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದರೆ 1,50,000 ಡಾಲರ್‌ವರೆಗೆ ವಿಧಿಸಬಹುದು. ವಕೀಲರ ಖರ್ಚನ್ನೂ ಕೊಡಿಸಬಹುದು. ನೋಂದಾಯಿಸದವರಿಗೆ ಇವೆರಡೂ ಇಲ್ಲ. ಹಾಗಾಗಿ ‘ಅವರು ಕಳೆದುಕೊಳ್ಳುವುದೇನು?’ ಅಂತ ಬೆಂಬಲಿಗರು ಕೇಳಿದರು. ಇದು ಅರ್ಧ ಸತ್ಯ. ಮಸೂದೆ ಬಂದಿದ್ದರೆ ನೋಂದಾಯಿಸಿದವರ ಕೈಯಿಂದಲೂ ಆ ಅಸ್ತ್ರ ಜಾರುತ್ತಿತ್ತು. ಒಂದು ಚಿತ್ರದ ಬೆಲೆ 200 ಡಾಲರ್ ಅಂದುಕೊಳ್ಳಿ. ಗೆದ್ದರೂ ಸಿಗುವುದು ಅಷ್ಟೇ, ವಕೀಲರಿಗೆ ಅದರ ಎಷ್ಟೋ ಪಟ್ಟು. ಆಗ ಫೆಡರಲ್ ಕೋರ್ಟಿಗೇ ಹೋಗಬೇಕಿತ್ತು. ಸಣ್ಣ ದಾವೆಗಳ ಕಾಪಿರೈಟ್ ಮಂಡಳಿ ಶುರುವಾದದ್ದು 2022ರಲ್ಲಿ.

ಇನ್ನು ಚಿತ್ರಗಳ ವಿಷಯ. ಕಾದಂಬರಿಗೆ ಮುಖಪುಟದಲ್ಲೇ ಹೆಸರಿರುತ್ತದೆ. ಚಿತ್ರವನ್ನು ಯಾರೋ ಸ್ಕ್ಯಾನ್ ಮಾಡುತ್ತಾರೆ, ಮೂಲೆಯಲ್ಲಿದ್ದ ಸಹಿ ಕತ್ತರಿಸಿ ಹೋಗುತ್ತದೆ. ಎಷ್ಟೋ ಜಾಲತಾಣಗಳಲ್ಲಿ ಅಪ್‌ಲೋಡ್ ಆಗುವಾಗ ಫೈಲಿನೊಳಗಿನ ಹೆಸರೂ ಅಳಿಸಿಹೋಗುತ್ತದೆ. ಆಮೇಲೆ ಪ್ರಾಮಾಣಿಕವಾಗಿ ಹುಡುಕಿದರೂ ಸಿಗುವುದಿಲ್ಲ. ಹೀಗೆ ಬದುಕಿರುವ, ಅದರಿಂದಲೇ ಹೊಟ್ಟೆ ಹೊರೆಯುವ ಕಲಾವಿದರ ಹೋದ ತಿಂಗಳ ಚಿತ್ರವೂ ‘ಅನಾಥ’ವಾಗಬಹುದು! ಚಿತ್ರ ಕಲಾವಿದರ ಸಂಘಟನೆಯಾದ ಇಲ್ಲಸ್ಟ್ರೇಟರ್ಸ್ ಪಾರ್ಟ್‌ನರ್‌ಶಿಪ್ ಆಫ್ ಅಮೆರಿಕ ಈ ವಿರೋಧದ ಮುಂಚೂಣಿಯಲ್ಲಿತ್ತು. ಚಿತ್ರಗಳಿಗೆ ಡೇಟಾಬೇಸ್ ಬರುತ್ತದೆ ಅಂದರೂ ಕಲಾವಿದರು ಒಪ್ಪಲಿಲ್ಲ. ಸಾವಿರಾರು ಸ್ಕೆಚ್‌ಗಳನ್ನು ಸೇರಿಸುವವರು ಯಾರು, ಶುಲ್ಕ ಕಟ್ಟುವವರು ಯಾರು?

ಮ್ಯೂಸಿಯಂಗಳ, ಸಾಕ್ಷ್ಯಚಿತ್ರ ಮಾಡುವವರ ಕಷ್ಟವೂ ಸುಳ್ಳಲ್ಲ. ನನ್ನ ಪ್ರಕಾರ, 1930ರ ಫೋಟೊಗೂ ನಿನ್ನೆ ಬರೆದ ಚಿತ್ರಕ್ಕೂ ಒಂದೇ ನಿಯಮ ಹಾಕಿದ್ದೇ ಮಸೂದೆಯ ದೊಡ್ಡ ದೋಷ.

ನಮ್ಮ 1957ರ ಕಾಯ್ದೆಯ 31ಎ ಕಲಂ ಬೇರೆ ದಾರಿ ಹಿಡಿದಿದೆ: ಮೊದಲು ಅನುಮತಿ, ಆಮೇಲೆ ಪ್ರಕಟಣೆ. ಅರ್ಜಿ ಹಾಕಬೇಕು, ನಿಗದಿಯಾದ ರಾಯಲ್ಟಿಯನ್ನು ಠೇವಣಿ ಇಡಬೇಕು. ಮಾಲೀಕರೋ ವಾರಸುದಾರರೋ ಬಂದು ಅದನ್ನು ಕೇಳಬಹುದು. ಮೊದಲು ಅಪ್ರಕಟಿತ ಭಾರತೀಯ ಕೃತಿಗಳಿಗಷ್ಟೇ ಇದ್ದ ಕಲಂ ಇದು, 2012ರ ತಿದ್ದುಪಡಿಯಲ್ಲಿ ಹಿಗ್ಗಿತು. ಬ್ರಿಟನ್ ಕೂಡ 2014ರಲ್ಲಿ ಲೈಸೆನ್ಸ್ ದಾರಿಯನ್ನೇ ಆರಿಸಿತು. ಕಲಾವಿದರ ಕಡೆಯಿಂದ ನೋಡಿದರೆ ಇದು ವಾಸಿ. ಆದರೆ ಅರ್ಜಿಗೆ ಮೊದಲು ಜಾಹೀರಾತು ಕೊಡಬೇಕಾದ್ದು ದೇಶದ ಬಹುಭಾಗದಲ್ಲಿ ಓಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ. ಅನುವಾದದ ಅರ್ಜಿಯಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಕನ್ನಡ ವಾರಪತ್ರಿಕೆಗೆ ಚಿತ್ರ ಬರೆದವರೋ ಅವರ ಮಕ್ಕಳೋ ಆ ಪುಟ ತಿರುವಿ ನೋಡುವ ಸಾಧ್ಯತೆ ತೀರಾ ಕಡಿಮೆ.