ಗ್ರೀಕ್ ಮೂರ್ತಿಗಳನ್ನ ಬಿಳಿ ಮಾಡಿದ್ದು ವಿಂಕಲ್‌ಮನ್ನಾ?

"ಸರ್, ಗ್ರೀಕ್ ಮೂರ್ತಿಗಳಿಗೆ ಬಣ್ಣ ಇತ್ತಂತೆ, ವಿಂಕಲ್‌ಮನ್ ಅದನ್ನ ಮುಚ್ಚಿಟ್ಟು ಎಲ್ಲಾ ಬಿಳಿ ಅಂತ ಸುಳ್ಳು ಹೇಳಿದ್ನಂತೆ, ಹೌದಾ?" ಪ್ರತಿ ಬ್ಯಾಚಲ್ಲೂ ಯಾರಾದ್ರೂ ಇದನ್ನ ಕೇಳೇ ಕೇಳ್ತಾರೆ. ಬಣ್ಣ ಇತ್ತು ಅನ್ನೋದು ನಿಜ, ಮುಚ್ಚಿಟ್ಟ ಅನ್ನೋದು ಸುಳ್ಳು. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ, ಪೂರ್ತಿ ಓದಿ.

ವಿಂಕಲ್‌ಮನ್ ಅನ್ನೋ ಈ ಜರ್ಮನ್ ಕಲಾ ಇತಿಹಾಸಕಾರನ ಬಗ್ಗೆ ಬೇಗ ಹೇಳ್ಬಿಡ್ತೀನಿ. 1717ರಲ್ಲಿ ಪ್ರಷ್ಯಾದ ಸ್ಟೆಂಡಾಲ್‌ನಲ್ಲಿ ಹುಟ್ಟಿದ್ದು, ಅಪ್ಪ ಬೂಟು ಹೊಲೀತಿದ್ದೋರು. ಬಡತನದಲ್ಲೇ ಓದಿ, ಸೀಹೌಸೆನ್ ಅನ್ನೋ ಸಣ್ಣ ಊರಲ್ಲಿ ಐದು ವರ್ಷ ಮೇಷ್ಟ್ರಾಗಿದ್ದ, ಹಗಲು ಮಕ್ಕಳಿಗೆ ಪಾಠ, ರಾತ್ರಿ ಗ್ರೀಕ್ ಪುಸ್ತಕ. ಆಮೇಲೆ ಡ್ರೆಸ್ಡೆನ್ ಹತ್ರ ಒಬ್ಬ ಕೌಂಟ್‌ನ ಲೈಬ್ರರಿಯಲ್ಲಿ ಕೆಲಸ, 1755ರಲ್ಲಿ ರೋಮ್. 1764ರಲ್ಲಿ ಬಂತು ಪ್ರಾಚೀನ ಕಲೆಯ ಇತಿಹಾಸದ ಪುಸ್ತಕ. ಅಲ್ಲಿವರೆಗೂ ಕಲೆ ಬಗ್ಗೆ ಬರೆಯೋದು ಅಂದ್ರೆ ಹೆಚ್ಚಾಗಿ ಕಲಾವಿದರ ಜೀವನಚರಿತ್ರೆ. ಒಂದು ಶೈಲಿ ಹೇಗೆ ಹುಟ್ತು, ಬೆಳೀತು, ಇಳೀತು ಅಂತ ಹಂತ ಹಂತವಾಗಿ ಮೂರ್ತಿಗಳನ್ನೇ ನೋಡಿ ಹೇಳೋಕೆ ಹೊರಟಿದ್ದು ಇವನು. ನಾವಿವತ್ತು ಕ್ಲಾಸಲ್ಲಿ "ಇದು ಯಾವ ಕಾಲದ ಶೈಲಿ" ಅಂತ ಕೇಳೋದಕ್ಕೆ ದಾರಿ ಹಾಕಿದ್ದೇ ಆ ಪುಸ್ತಕ.

ಈಗ ಬಿಳಿ ವಿಷ್ಯ. ಬಣ್ಣ ಹೋಗಿದ್ದು ಮಳೆ, ಬಿಸಿಲು, ಮಣ್ಣಿಂದ. ಉಳಿದಿದ್ದ ಚೂರುಪಾರು ಬಣ್ಣಾನೂ ಎಷ್ಟೋ ಕಡೆ ಅಗೆದು ತೆಗೆದೋರು ಉಜ್ಜಿ ತೊಳೆದಾಗ ಹೋಯ್ತು. ಮೈಕೆಲಾಂಜೆಲೊ ಡೇವಿಡ್ ಅನ್ನೋ ತನ್ನ ಬಿಳಿ ಕಲ್ಲಿನ ಮೂರ್ತಿ ಮುಗಿಸಿದ್ದು 1504ರಲ್ಲಿ, ಪ್ರಾಚೀನ ಕಾಲದ ಲಾವೊಕೊಆನ್ ಮೂರ್ತಿ ರೋಮ್‌ನಲ್ಲಿ ಸಿಕ್ಕಿದ್ದು 1506ರಲ್ಲಿ, ಅಂದ್ರೆ ವಿಂಕಲ್‌ಮನ್ ಹುಟ್ಟೋಕೆ 200 ವರ್ಷ ಮುಂಚೆನೇ ಯುರೋಪಿನ ಶಿಲ್ಪಿಗಳು ಬರೀ ಕಲ್ಲನ್ನ ನೋಡಿ ಬರೀ ಕಲ್ಲಲ್ಲೇ ಕೆತ್ತುತಾ ಇದ್ರು, ಆ ರುಚಿ ಆಗ್ಲೇ ಗಟ್ಟಿಯಾಗಿತ್ತು, ಇದನ್ನ ಇವನೊಬ್ಬನ ತಲೆಗೆ ಕಟ್ಟೋದು ಹೇಗೆ ಹೇಳಿ?

ಮುಚ್ಚಿಟ್ಟ ಅನ್ನೋದಂತೂ ಪುಸ್ತಕ ತೆರೆಯದೆ ಹೇಳೋ ಮಾತು. 1760ರಲ್ಲಿ ಪಾಂಪೆಯಲ್ಲಿ ಆರ್ಟೆಮಿಸ್ ಅನ್ನೋ ಗ್ರೀಕ್ ದೇವತೆಯ ಒಂದು ಮೂರ್ತಿ ಸಿಕ್ತು, ಕೂದಲಿಗೆ, ಬಟ್ಟೆ ಅಂಚಿಗೆ ಬಣ್ಣ ಇನ್ನೂ ಇತ್ತು. ಅದನ್ನ ನೋಡಿ, ಬಣ್ಣದ ಸಮೇತ ವರ್ಣಿಸಿ ಅಚ್ಚು ಹಾಕಿಸಿದ್ದೇ ವಿಂಕಲ್‌ಮನ್. ಅವನ ತಪ್ಪು ಬೇರೆ: ಅದನ್ನ ಗ್ರೀಕರದಲ್ಲ, ರೋಮನ್ನರಿಗೂ ಮುಂಚೆ ಇಟಲಿಯಲ್ಲಿದ್ದ ಎಟ್ರುಸ್ಕನ್ನರ ಕೆಲಸ ಅಂತ ಸೇರಿಸಿಬಿಟ್ಟ. ಬಿಳಿ ಬೆಳಕನ್ನ ಹೆಚ್ಚು ಹಿಂದಕ್ಕೆ ಕೊಡುತ್ತೆ, ಹಾಗಾಗಿ ಸುಂದರವಾದ ದೇಹ ಬಿಳಿಯಾದಷ್ಟೂ ಚೆಂದ ಅಂತಾನೂ ಬರೆದಿದ್ದಾನೆ, ಅದನ್ನ ನಾನು ಸಮರ್ಥಿಸೋಲ್ಲ, ಆ ಮಾತು ಆಮೇಲೆ ತುಂಬ ಕೆಟ್ಟ ಕೈಗಳಿಗೆ ಸಿಕ್ತು. ಆದ್ರೆ ಅದೇ ಜಾಗದಲ್ಲಿ, ಬಣ್ಣ ಸೌಂದರ್ಯಕ್ಕೆ ಸಹಾಯ ಮಾಡುತ್ತೆ, ಬಣ್ಣವೇ ಸೌಂದರ್ಯ ಅಲ್ಲ ಅಂತಾನೆ. ಅವನಿಗೆ ಬೇಕಾಗಿದ್ದು ಆಕಾರ. ಕಣ್ಣಿಗೆ ಬಿದ್ದಿದ್ದಕ್ಕೆ ತಪ್ಪು ಅರ್ಥ ಕೊಡೋದು ಬೇರೆ, ಕಂಡಿದ್ದನ್ನ ಬಚ್ಚಿಡೋದು ಬೇರೆ.

ಬಣ್ಣಕ್ಕೆ ಸಾಕ್ಷಿ ಹಳೇ ಪುಸ್ತಕಗಳಲ್ಲೇ ಇದೆ. ಗ್ರೀಕ್ ಶಿಲ್ಪಿ ಪ್ರಾಕ್ಸಿಟೆಲೀಸ್‌ಗೆ ನಿನ್ನ ಮೂರ್ತಿಗಳಲ್ಲಿ ಯಾವುದು ಇಷ್ಟ ಅಂದ್ರೆ, ಚಿತ್ರಕಾರ ನಿಕಿಯಾಸ್ ಕೈ ಹಾಕಿದ್ದು ಅಂದನಂತೆ, ಹಳೇ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. 1880ರ ದಶಕದಲ್ಲಿ ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡ ಅಗೆದಾಗ ಬಂದ ಹೆಣ್ಣುಮೂರ್ತಿಗಳ ಮೇಲಂತೂ ಬಣ್ಣ ಕಣ್ಣಿಗೇ ಕಾಣ್ತಿತ್ತು, ಯಾಕಂದ್ರೆ ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಒಡೆದು ಹಾಕಿದ ಮೇಲೆ ಅಥೆನ್ಸಿನವರು ಅವನ್ನ ಅಲ್ಲೇ ಹೂತಿದ್ರು.

ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ. ವಿಂಕಲ್‌ಮನ್ ಗ್ರೀಸ್‌ಗೆ ಹೋಗ್ಲೇ ಇಲ್ಲ, ರೋಮ್‌ನಲ್ಲಿ ನೋಡಿದ್ದು ಹೆಚ್ಚಾಗಿ ರೋಮನ್ ಕಾಲದ ನಕಲುಗಳು. ಕೊನೇ ಪ್ರಯಾಣಾನೂ ಗ್ರೀಸ್ ಕಡೆಗಲ್ಲ, ಜರ್ಮನಿ ಕಡೆಗೆ, 1768ರಲ್ಲಿ. ಜೊತೆಗಿದ್ದೋನು ಕವಚೆಪ್ಪಿ, ಮುರಿದ ಮೂರ್ತಿಗಳಿಗೆ ಹೊಸ ಅಮೃತಶಿಲೆಯ ಕೈ, ಮೂಗು ಕೂಡಿಸ್ತಿದ್ದ ಶಿಲ್ಪಿ. ಆಲ್ಪ್ಸ್ ದಾಟುವಾಗ್ಲೇ ವಿಂಕಲ್‌ಮನ್‌ಗೆ ಮನಸ್ಸು ಕುಗ್ಗಿಹೋಯ್ತು, ರೋಮ್‌ಗೆ ವಾಪಸ್ ಹೋಗೋಣ ಅಂತ ಒಂದೇ ಹಟ. ವಿಯೆನ್ನಾದಲ್ಲಿ ಮಹಾರಾಣಿ ಮರಿಯಾ ತೆರೇಸಾ ಪದಕಗಳನ್ನ ಕೊಟ್ಟಳು, ಅಲ್ಲಿಂದ ಇವನೊಬ್ಬನೇ ತಿರುಗಿದ. ಟ್ರಿಯೆಸ್ಟೆ ಬಂದರಲ್ಲಿ ಹಡಗಿಗೆ ಕಾಯ್ತಾ ಪಕ್ಕದ ರೂಮಿನ ಅರ್ಕಾಂಜೆಲಿ ಅನ್ನೋನಿಗೆ ಆ ಪದಕಗಳನ್ನ ತೋರಿಸಿದ್ದ, ಜೂನ್ 8ರಂದು ಅವನೇ ಚಾಕು ಹಾಕಿ ಕೊಂದ. ವಿಂಕಲ್‌ಮನ್‌ಗೆ ಐವತ್ತು ವರ್ಷ ಆಗ. ಅದೇ ಇತಿಹಾಸದ ಪುಸ್ತಕವನ್ನ ತಿದ್ದುತಾ ಇದ್ದ, ಆ ತಿದ್ದಿದ ಆವೃತ್ತಿ ವಿಯೆನ್ನಾದಲ್ಲಿ ಅಚ್ಚಾಗಿದ್ದು 1776ರಲ್ಲಿ.